ಗಾಯದ ಅಂಚಿನಿಂದ ಹೊರಟ ನಡಿಗೆ

ಈಳಿಗೆಮಣೆಯ ಮುಂದೆ ಕೂತು ತರಕಾರಿ ಹೆಚ್ಚುವಾಗ ಬೆರಳು ಕೊಯ್ದುಕೊಳ್ಳದವರು ಕಡಿಮೆ. ರಕ್ತ ಬರುತ್ತದೆ, ತೊಳೆದು ಅರಿಸಿನ ಒತ್ತುತ್ತೇವೆ, ಬಟ್ಟೆ ಸುತ್ತುತ್ತೇವೆ. ಮರುದಿನಕ್ಕೆ ಹಕ್ಕಳೆ ಕಟ್ಟಿರುತ್ತದೆ. ವಾರ ಹತ್ತು ದಿನ ಕಳೆದು ಅದು ತಾನಾಗಿ ಉದುರಿದಾಗ ಕೆಳಗೆ ತೆಳು ಗುಲಾಬಿ ಬಣ್ಣದ ಹೊಸ ಚರ್ಮ ಕಾಣಿಸುತ್ತದೆ. ಈ ಚರ್ಮ ಬಂದದ್ದು ಎಲ್ಲಿಂದ? ಯಾರನ್ನೇ ಕೇಳಿ, ‘ಒಳಗಿನಿಂದ ಬೆಳೆದು ಮೇಲೆ ಬಂತು’ ಎನ್ನುತ್ತಾರೆ. ನೋಡಿದರೂ ಹಾಗೇ ಅನ್ನಿಸುತ್ತದೆ. ಆದರೆ ಗಾಯದ ತಳದಲ್ಲಿರುವ ಅಂಗಾಂಶಕ್ಕೆ ಮೇಲ್ಚರ್ಮವನ್ನು ಹುಟ್ಟಿಸುವ ಶಕ್ತಿ ಇಲ್ಲವೇ ಇಲ್ಲ.

ಅದೇ ಮನೆಯಲ್ಲಿ ಸಕ್ಕರೆ ಕಾಯಿಲೆಯ ಅಜ್ಜನ ಅಂಗಾಲಿನ ಹುಣ್ಣು ಮೂರು ತಿಂಗಳಾದರೂ ಮುಚ್ಚಿಕೊಳ್ಳದೆ ಇರುತ್ತದೆ. ಮುಲಾಮು ಹಚ್ಚಿದ್ದಾಗಿದೆ, ಆಂಟಿಬಯೋಟಿಕ್ ನುಂಗಿದ್ದಾಗಿದೆ, ದಿನಬಿಟ್ಟು ದಿನ ಡ್ರೆಸಿಂಗ್ ನಡೆದೇ ಇದೆ. ತರಕಾರಿ ಹೆಚ್ಚುವಾಗ ಕೊಯ್ದುಕೊಂಡ ಮೊಮ್ಮಗಳ ಬೆರಳಿಗೆ ಅರಿಸಿನದ ಹೊರತು ಯಾವ ಮದ್ದೂ ಇಲ್ಲದೆ ಒಲಿದದ್ದು ಅಜ್ಜನ ಕಾಲಿಗೆ ಯಾಕೆ ಒಲಿಯಲಿಲ್ಲ? ದೇಶದಲ್ಲಿ ಸಕ್ಕರೆ ಕಾಯಿಲೆ ಇರುವವರು 10 ಕೋಟಿಗೂ ಹೆಚ್ಚು ಎಂದು 2023ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆ ಅಂದಾಜು ಮಾಡಿದೆ. ಹಾಗಾಗಿ ಇದು ಒಂದೆರಡು ಮನೆಗಳ ಪ್ರಶ್ನೆಯಾಗಿ ಉಳಿದಿಲ್ಲ.

ಈ ಎರಡು ಪ್ರಶ್ನೆಗಳ ನಡುವೆ ಈಚೆಗೆ ಒಂದು ಮಾತು ಸೇರಿಕೊಂಡಿದೆ: ಪೆಪ್ಟೈಡ್. ಹರಿದ ಸ್ನಾಯು, ಉಳುಕಿದ ಹಿಮ್ಮಡಿ, ಆರದ ಗಾಯ ಎಲ್ಲವನ್ನೂ ಬೇಗ ಕೂಡಿಸುತ್ತದಂತೆ ಎಂದು ಜಿಮ್‌ಗೆ ಹೋಗುವ ಹುಡುಗರು ಮಾತಾಡಿಕೊಳ್ಳುತ್ತಾರೆ. ಬಿಪಿಸಿ-157, ಟಿಬಿ-500 ಎಂದು ಹೆಸರು ಹೇಳುತ್ತಾರೆ. ಬಿಳಿ ಪುಡಿಯಿರುವ ಪುಟ್ಟ ಸೀಸೆಗಳ ಮೇಲೆ ‘ಸಂಶೋಧನೆಗೆ ಮಾತ್ರ, ಮನುಷ್ಯರ ಬಳಕೆಗೆ ಅಲ್ಲ’ ಎಂದು ಬರೆದಿರುತ್ತದೆ. ಕೊಳ್ಳುವವರು ಅದನ್ನು ಓದಿಯೂ ಸೂಜಿ ಚುಚ್ಚಿಕೊಳ್ಳುತ್ತಾರೆ. ಇಂಥ ಪೆಪ್ಟೈಡ್‌ಗಳಲ್ಲಿ ಒಂದರ ಕೆಲಸ ವಿಜ್ಞಾನಕ್ಕೆ ತಕ್ಕಮಟ್ಟಿಗೆ ಸ್ಪಷ್ಟವಾಗಿ ತಿಳಿದಿದೆ. ಅದರ ಹಿಂದೆ ಹೋದರೆ ಹೊಸ ಚರ್ಮ ಎಲ್ಲಿಂದ ಬರುತ್ತದೆ ಎಂಬುದೂ ತಿಳಿಯುತ್ತದೆ.

ಹಕ್ಕಳೆಯ ಕೆಳಗೆ

ಹೊಸ ಚರ್ಮ ಬರುವುದು ಪಕ್ಕದಿಂದ. ಗಾಯದ ಅಂಚಿನಲ್ಲಿ ಉಳಿದಿರುವ ಮೇಲ್ಚರ್ಮದ ಕೋಶಗಳು ಒಂದು ದಿನದೊಳಗೆ ತಮ್ಮ ಚಹರೆಯನ್ನೇ ಬದಲಿಸಿಕೊಳ್ಳುತ್ತವೆ. ಅಲ್ಲಿಯವರೆಗೆ ಅವು ಕೆಳಗಿನ ಪದರಕ್ಕೆ ಭದ್ರವಾಗಿ ಅಂಟಿ, ನೆರೆಯ ಕೋಶಗಳನ್ನು ಬಿಗಿಯಾಗಿ ಹಿಡಿದು ಕೂತಿದ್ದವು. ಈಗ ಆ ಹಿಡಿತ ಸಡಿಲಿಸಿ, ಚಪ್ಪಟೆಯಾಗಿ, ಗಾಯದ ಕಡೆಗೆ ಮೈ ಚಾಚಿ ತೆವಳಲು ಶುರುಮಾಡುತ್ತವೆ. ಅವುಗಳ ಹಿಂದಿನ ಸಾಲಿನ ಕೋಶಗಳು ಒಡೆದು ಇಮ್ಮಡಿಯಾಗುತ್ತ ಖಾಲಿಯಾದ ಜಾಗ ತುಂಬುತ್ತವೆ. ಎರಡೂ ದಡಗಳಿಂದ ಹೊರಟ ಸಾಲುಗಳು ನಡುವೆ ಸಂಧಿಸಿ ಒಂದನ್ನೊಂದು ಮುಟ್ಟಿದಾಗ ನಡಿಗೆ ನಿಲ್ಲುತ್ತದೆ, ಗಾಯ ಮುಚ್ಚಿದ ಹಾಗೆ. ಮೊಣಕಾಲು ತರಚಿದಂಥ ಮೇಲುಮೇಲಿನ ಗಾಯದಲ್ಲಿ ಕೂದಲಿನ ಬುಡಗಳು ಉಳಿದಿರುತ್ತವೆ. ಅಲ್ಲಿಂದಲೂ ಕೋಶಗಳು ಹೊರಡುತ್ತವೆ. ಅದಕ್ಕೇ ತರಚು ಗಾಯ ಅಗಲವಾಗಿದ್ದರೂ ಬೇಗ ಮಾಯುತ್ತದೆ.

ಹಕ್ಕಳೆ ಈ ನಡಿಗೆಗೆ ಸಹಾಯ ಮಾಡುತ್ತದೆಂದು ನಾವೆಲ್ಲ ನಂಬಿದ್ದೇವೆ. 1962ರಲ್ಲಿ ಜಾರ್ಜ್ ವಿಂಟರ್ ಎಂಬ ಬ್ರಿಟಿಷ್ ವಿಜ್ಞಾನಿ ಹಂದಿಗಳ ಚರ್ಮದ ಮೇಲೆ ಆಳವಿಲ್ಲದ ಗಾಯ ಮಾಡಿ, ಕೆಲವನ್ನು ಗಾಳಿಗೆ ಬಿಟ್ಟು, ಕೆಲವನ್ನು ತೆಳು ಪ್ಲಾಸ್ಟಿಕ್ ಹಾಳೆಯಿಂದ ಮುಚ್ಚಿ ನೋಡಿದರು. ಮುಚ್ಚಿಟ್ಟ, ಹಸಿಯಾಗಿಯೇ ಉಳಿದ ಗಾಯಗಳ ಮೇಲೆ ಹೊಸ ಚರ್ಮ ಸುಮಾರು ಎರಡರಷ್ಟು ವೇಗವಾಗಿ ಹರಡಿತು. ಕಾರಣ ಸರಳ. ಗಾಯ ಒಣಗಿದರೆ ಕೋಶಗಳು ಮೇಲೆ ಹೋಗಲಾರವು. ಒಣಹಕ್ಕಳೆಯ ಕೆಳಗೆ, ಇನ್ನೂ ತೇವವಿರುವ ಪದರ ಸಿಗುವವರೆಗೆ ಇಳಿದು, ಅಡ್ಡ ಬಂದದ್ದನ್ನು ಕಿಣ್ವಗಳಿಂದ ಕರಗಿಸುತ್ತ ದಾರಿ ಕೊರೆಯಬೇಕು. ತೇವವಿದ್ದರೆ ನೇರವಾಗಿ ನಡೆದುಬಿಡುತ್ತವೆ. ಇಂದು ಆಸ್ಪತ್ರೆಗಳಲ್ಲಿ ಗಾಯವನ್ನು ಹಸಿಯಾಗಿಡುವ ಡ್ರೆಸಿಂಗ್‌ಗಳನ್ನು ಬಳಸುವುದರ ಹಿಂದೆ ಈ ಹಂದಿಗಳ ಪ್ರಯೋಗವಿದೆ. ‘ಗಾಳಿ ಆಡಲಿ, ಒಣಗಲಿ’ ಎಂಬ ಮನೆಮಾತನ್ನು ನಾವು ಇನ್ನೂ ಬಿಟ್ಟಿಲ್ಲವೆಂಬುದು ನನಗೆ ಬೇಸರದ ಸಂಗತಿ.

ಹಾಗಾದರೆ ಗಾಯ ವಾಸಿಯಾಗುವುದರಲ್ಲಿ ನಡಿಗೆ ದೊಡ್ಡ ಪಾಲು. ಮೇಲ್ಚರ್ಮ ಒಂದೇ ನಡೆಯುವುದಿಲ್ಲ. ಕೊಳಕು ತಿನ್ನುವ ಬಿಳಿ ರಕ್ತಕಣಗಳು ರಕ್ತನಾಳದಿಂದ ಹೊರಬಿದ್ದು ಗಾಯಕ್ಕೆ ನಡೆದು ಬರುತ್ತವೆ. ಹೊಸ ರಕ್ತನಾಳ ಕಟ್ಟುವ ಕೋಶಗಳು ನಡೆಯುತ್ತವೆ. ಕೊಲಾಜೆನ್ ನೇಯುವ ಕೋಶಗಳು ನಡೆದು ಬಂದು ಗುಂಡಿ ತುಂಬುತ್ತವೆ. ಕಾಲಿಲ್ಲದ ಕೋಶ ನಡೆಯುವುದು ಹೇಗೆ ಎಂಬುದರ ಒಂದು ಗಂಟನ್ನು ಬಿಡಿಸಿದ್ದು ಗಾಯಕ್ಕೆ ಸಂಬಂಧವೇ ಇಲ್ಲದ ಒಂದು ಗ್ರಂಥಿಯಿಂದ ಶುರುವಾದ ಕೆಲಸ.

ಎದೆಯ ಗ್ರಂಥಿಯಲ್ಲಿ ಸಿಕ್ಕಿದ ಹೆಸರು

ಎದೆಮೂಳೆಯ ಹಿಂದೆ ಥೈಮಸ್ ಎಂಬ ಗ್ರಂಥಿಯಿದೆ. ಮಕ್ಕಳಲ್ಲಿ ದೊಡ್ಡದಾಗಿದ್ದು ವಯಸ್ಸಾದಂತೆ ಕುಗ್ಗುತ್ತದೆ. ರೋಗ ಎದುರಿಸುವ ಟಿ ಕೋಶಗಳು ಪಳಗುವುದು ಇಲ್ಲಿ. 1960ರ ದಶಕದಲ್ಲಿ ನ್ಯೂಯಾರ್ಕ್‌ನಲ್ಲಿ ಅಲನ್ ಗೋಲ್ಡ್‌ಸ್ಟೈನ್ ಮತ್ತು ಏಬ್ರಹಾಂ ವೈಟ್ ಈ ಗ್ರಂಥಿಯ ಸಾರ ತೆಗೆದು ಅದಕ್ಕೆ ಥೈಮೋಸಿನ್ ಎಂದು ಹೆಸರಿಟ್ಟರು. ಕರುವಿನ ಥೈಮಸ್‌ನಿಂದ ತೆಗೆದ ಆ ಸಾರ ಹಲವು ಪದಾರ್ಥಗಳ ಬೆರಕೆ. ಅದನ್ನು ಬಿಡಿಬಿಡಿಯಾಗಿ ಬೇರ್ಪಡಿಸುತ್ತ ಹೋದಾಗ 1981ರಲ್ಲಿ ಒಂದು ತುಣುಕಿನ ಪೂರ್ತಿ ರಚನೆ ಬಯಲಾಯಿತು. 43 ಅಮೈನೋ ಆಮ್ಲಗಳು ಒಂದರ ಪಕ್ಕ ಒಂದು ಸೇರಿದ ಸಣ್ಣ ಸರಪಳಿ. ಅದಕ್ಕೆ ಥೈಮೋಸಿನ್ ಬೀಟಾ-4 ಎಂದು ಹೆಸರಾಯಿತು. ಕೆಲಸ ತಿಳಿದಿದೆ ಎಂದು ಮೊದಲು ಹೇಳಿದ ಪೆಪ್ಟೈಡ್ ಇದೇ.

ಪೆಪ್ಟೈಡ್ ಎಂದರೆ ಇಷ್ಟೇ. ಬೇಳೆ, ಹಾಲು, ಮೊಟ್ಟೆಯ ಪ್ರೋಟೀನುಗಳೂ ಅಮೈನೋ ಆಮ್ಲಗಳ ಸರಪಳಿಗಳೇ; ನೂರಾರು ಕೊಂಡಿಗಳಿದ್ದರೆ ಪ್ರೋಟೀನ್ ಎನ್ನುತ್ತೇವೆ, ಸುಮಾರು ಐವತ್ತರೊಳಗಿದ್ದರೆ ಪೆಪ್ಟೈಡ್. 51 ಕೊಂಡಿಗಳ ಇನ್ಸುಲಿನ್ ಗಡಿಯ ಮೇಲೆ ನಿಂತಿದೆ. ಮೂಳೆ ಸವೆದವರಿಗೆ ದಿನಾ ಕೊಡುವ ಟೆರಿಪ್ಯಾರಟೈಡ್ ಚುಚ್ಚುಮದ್ದು 84 ಕೊಂಡಿಗಳ ಒಂದು ಹಾರ್ಮೋನಿನ ಮೊದಲ 34 ಕೊಂಡಿಗಳು. ಅಮೆರಿಕದಲ್ಲಿ ಅದಕ್ಕೆ 2002ರಲ್ಲಿ ಒಪ್ಪಿಗೆ ಸಿಕ್ಕಿತು. ಪೆಪ್ಟೈಡ್ ಎಂಬ ಹೆಸರಿನಲ್ಲಿ ಮಾಯೆಯೂ ಇಲ್ಲ, ಮೋಸವೂ ಇಲ್ಲ. ನುಂಗಿದರೆ ಹೆಚ್ಚಿನವು ಹೊಟ್ಟೆಯಲ್ಲಿ ಬೇಳೆಯ ಪ್ರೋಟೀನಿನ ಹಾಗೆಯೇ ಜೀರ್ಣವಾಗುತ್ತವೆ, ಅದಕ್ಕೇ ಸೂಜಿ ಬೇಕು. ರಕ್ತದಲ್ಲೂ ಅವನ್ನು ಕತ್ತರಿಸುವ ಕಿಣ್ವಗಳಿವೆ, ಅದಕ್ಕೇ ಅನೇಕ ಪೆಪ್ಟೈಡ್‌ಗಳ ಆಯುಸ್ಸು ನಿಮಿಷಗಳ ಲೆಕ್ಕದ್ದು.

ಥೈಮೋಸಿನ್ ಬೀಟಾ-4 ರೋಗನಿರೋಧದ ಹಾರ್ಮೋನು ಎಂದು ಮೊದಲು ಭಾವಿಸಿದ್ದರು. ಹುಡುಕುತ್ತ ಹೋದಂತೆ ಅದು ಥೈಮಸ್‌ನಲ್ಲಷ್ಟೇ ಅಲ್ಲ, ಗುಲ್ಮದಲ್ಲಿ, ಮಿದುಳಿನಲ್ಲಿ, ಕೆಂಪು ರಕ್ತಕಣಗಳನ್ನು ಬಿಟ್ಟರೆ ಹೆಚ್ಚುಕಡಿಮೆ ಎಲ್ಲ ಬಗೆಯ ಕೋಶಗಳಲ್ಲೂ ಸಿಕ್ಕಿತು. ಅದೂ ಸಣ್ಣ ಪ್ರಮಾಣದಲ್ಲಲ್ಲ. ಹಾರ್ಮೋನುಗಳು ಹನಿಯಷ್ಟಿದ್ದು ಊರೆಲ್ಲ ಸುದ್ದಿ ಮುಟ್ಟಿಸುವಂಥವು. ಇದು ಕೋಶದ ಒಳಗೇ ರಾಶಿಯಾಗಿ ಬಿದ್ದಿತ್ತು. ಇಷ್ಟೊಂದು ಯಾಕೆ?

ಉತ್ತರ ಬಂದದ್ದು ಬೇರೊಂದು ಪ್ರಯೋಗಾಲಯದಿಂದ. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ಡೇನಿಯಲ್ ಸೇಫರ್ ಮತ್ತು ವಿವಿಯನ್ ನಾಚ್ಮಿಯಸ್ ಪ್ಲೇಟ್‌ಲೆಟ್‌ಗಳ ಬೆನ್ನು ಹತ್ತಿದ್ದರು. ಡೆಂಗೀ ಬಂದಾಗ ಲಕ್ಷ ಇದೆಯೋ ಇಪ್ಪತ್ತು ಸಾವಿರಕ್ಕೆ ಇಳಿಯಿತೋ ಎಂದು ನಾವು ಎದೆ ಹಿಡಿದುಕೊಂಡು ಎಣಿಸುವ ಕಣಗಳು ಅವೇ. ರಕ್ತ ಹೆಪ್ಪುಗಟ್ಟಿಸುವುದು ಅವುಗಳ ಕೆಲಸ. ಶಾಂತವಾಗಿರುವಾಗ ತಟ್ಟೆಯಾಕಾರ; ಗಾಯ ಮುಟ್ಟಿದ ಕ್ಷಣ ಮುಳ್ಳುಮುಳ್ಳಾಗಿ ಕೈಚಾಚಿ ಅಗಲವಾಗಿ ಹರಡಿಕೊಳ್ಳುತ್ತವೆ. ಸೆಕೆಂಡುಗಳಲ್ಲಿ ಈ ರೂಪ ಬದಲಾವಣೆ ಹೇಗೆ ಸಾಧ್ಯ ಎಂಬುದು ಅವರ ಪ್ರಶ್ನೆ. 1990ರಲ್ಲಿ ಅವರು ಪ್ಲೇಟ್‌ಲೆಟ್‌ನಿಂದ ಒಂದು ಪುಟ್ಟ ಪೆಪ್ಟೈಡ್ ಬೇರ್ಪಡಿಸಿ, ಏನೆಂದು ಗೊತ್ತಿಲ್ಲದ್ದರಿಂದ ಎಫ್-ಎಕ್ಸ್ ಎಂದು ಕರೆದರು. ಮರುವರ್ಷ ರಚನೆ ಹೋಲಿಸಿ ನೋಡಿದಾಗ ಎಫ್-ಎಕ್ಸ್ ಮತ್ತು ಥೈಮೋಸಿನ್ ಬೀಟಾ-4 ಒಂದೇ ಆಗಿತ್ತು. ಥೈಮಸ್‌ಗೂ ಅದಕ್ಕೂ ಹೆಸರಿನ ನಂಟು ಮಾತ್ರ ಉಳಿಯಿತು.

ಗೋದಾಮಿನ ಸಿಮೆಂಟು

ಕೋಶ ನಡೆಯುವುದು ಆಕ್ಟಿನ್ ಎಂಬ ಪ್ರೋಟೀನಿನ ಬಲದಿಂದ. ಆಕ್ಟಿನ್‌ನ ಬಿಡಿ ಗುಂಡುಗಳು ಒಂದಕ್ಕೊಂದು ಕೂಡಿದರೆ ಉದ್ದನೆಯ ಗಟ್ಟಿ ಎಳೆಯಾಗುತ್ತವೆ. ದಪ್ಪ ಬರೀ 7 ನ್ಯಾನೋಮೀಟರ್, ಅಂದರೆ ಒಂದು ಮಿಲಿಮೀಟರ್ ತುಂಬಲು ಲಕ್ಷಕ್ಕೂ ಹೆಚ್ಚು ಎಳೆಗಳನ್ನು ಪಕ್ಕಪಕ್ಕ ಇಡಬೇಕು. ಕೋಶದ ಮುಂಭಾಗದಲ್ಲಿ ಈ ಎಳೆಗಳು ಕವಲೊಡೆಯುತ್ತ, ತುದಿಗೆ ಹೊಸ ಗುಂಡುಗಳನ್ನು ಕೂಡಿಸಿಕೊಂಡು ಉದ್ದವಾಗುತ್ತ ಕೋಶದ ಪೊರೆಯನ್ನು ಒಳಗಿನಿಂದ ಮುಂದಕ್ಕೆ ತಳ್ಳುತ್ತವೆ. ಚಾಚಿದ ಭಾಗ ನೆಲ ಕಚ್ಚಿಕೊಳ್ಳುತ್ತದೆ, ಹಿಂಭಾಗ ಬಿಟ್ಟು ಎಳೆದುಕೊಳ್ಳುತ್ತದೆ. ಹಿಂದೆ ಉಳಿದ ಹಳೆಯ ಎಳೆಗಳು ಬಿಚ್ಚಿ ಗುಂಡುಗಳಾಗಿ ಮತ್ತೆ ಮುಂದಕ್ಕೆ ಬರುತ್ತವೆ. ಇಷ್ಟು ಒಂದು ಹೆಜ್ಜೆ.

ಇದರಲ್ಲಿ ಒಂದು ಸಿಕ್ಕು ಇದೆ. ಶುದ್ಧ ಆಕ್ಟಿನ್ ತೆಗೆದು, ಕೋಶದಲ್ಲಿರುವಷ್ಟೇ ಉಪ್ಪಿನಂಶ ಬೆರೆಸಿ ಪರೀಕ್ಷಾನಳಿಕೆಯಲ್ಲಿಟ್ಟರೆ ಅದು ಸುಮ್ಮನಿರುವುದಿಲ್ಲ; ಹೆಚ್ಚಿನದೆಲ್ಲ ತಾನೇ ಎಳೆಯಾಗಿಬಿಡುತ್ತದೆ. ಆದರೆ ಶಾಂತವಾದ ಪ್ಲೇಟ್‌ಲೆಟ್‌ನಲ್ಲಿ ಅರ್ಧಕ್ಕೂ ಹೆಚ್ಚು ಆಕ್ಟಿನ್ ಬಿಡಿಯಾಗಿಯೇ ಇರುತ್ತದೆ. ಅದನ್ನು ತಡೆದು ಹಿಡಿದವರು ಯಾರು?

ಮನೆ ಕಟ್ಟಿಸಿದವರಿಗೆ ಸಿಮೆಂಟಿನ ಸ್ವಭಾವ ಗೊತ್ತು. ಚೀಲಗಳನ್ನು ಬರಿನೆಲದ ಮೇಲೆ ಇಳಿಸುವಂತಿಲ್ಲ. ಹಲಗೆ ಹಾಸಿ, ಮೇಲೆ ಟಾರ್ಪಾಲು ಹೊದಿಸಿ, ತೇವ ತಾಗದಂತೆ ಕಾಯಬೇಕು. ಗಟ್ಟಿಯಾಗುವುದೇ ಸಿಮೆಂಟಿನ ಕೆಲಸ, ಆದರೆ ಗೋದಾಮಿನಲ್ಲೇ ಗಟ್ಟಿಯಾದರೆ ದುಡ್ಡೆಲ್ಲ ಮಣ್ಣುಪಾಲು. ಹಾಗೆಂದು ದಿನಕ್ಕೆರಡು ಚೀಲ ತರಿಸುತ್ತ ಕೂರಲೂ ಆಗದು. ಆರ್‌ಸಿಸಿ ಹಾಕುವ ದಿನ ಬೆಳಗ್ಗೆ ಶುರುವಾದ ಚಾವಣಿ ಸಂಜೆಯೊಳಗೆ ಮುಗಿಯಬೇಕು, ಬೇಕಾದಷ್ಟು ಚೀಲ ಕೈಗೆಟುಕುವಲ್ಲಿರಬೇಕು.

ಆಕ್ಟಿನ್‌ಗೆ ಟಾರ್ಪಾಲು ಹೊದಿಸುವುದು ಥೈಮೋಸಿನ್ ಬೀಟಾ-4. ಒಂದು ಪೆಪ್ಟೈಡ್ ಒಂದು ಆಕ್ಟಿನ್ ಗುಂಡಿನ ಮೈಗೆ ತಾಗಿ ನಿಲ್ಲುತ್ತದೆ. ಆ ಗುಂಡು ಎಳೆಯ ಯಾವ ತುದಿಗೂ ಕೂಡಲಾರದು. ಕೋಶದ ತುಂಬ ಆಕ್ಟಿನ್ ಇದ್ದೂ ಅದು ಗಟ್ಟಿಯಾಗದೆ ಉಳಿಯುತ್ತದೆ. ಪ್ಲೇಟ್‌ಲೆಟ್‌ನಲ್ಲಿ ಈ ಪೆಪ್ಟೈಡ್ ಅಷ್ಟೊಂದು ರಾಶಿ ಬಿದ್ದಿದ್ದಕ್ಕೆ ಕಾರಣ ಇದೇ: ಒಂದು ಗುಂಡಿಗೆ ಒಂದು ಹೊದಿಕೆ ಬೇಕಾದ ಕೆಲಸಕ್ಕೆ ಹನಿಯಷ್ಟಿದ್ದರೆ ಸಾಲದು.

ಇದರ ನಿಜವಾದ ಚಮತ್ಕಾರ ಹೊದಿಕೆ ಸಡಿಲವಾಗಿರುವುದರಲ್ಲಿದೆ. ಪೆಪ್ಟೈಡ್ ಆಕ್ಟಿನ್‌ಗೆ ಗಟ್ಟಿಯಾಗಿ ಅಂಟುವುದಿಲ್ಲ; ಕ್ಷಣಕ್ಷಣವೂ ಬಿಟ್ಟು ಹಿಡಿದು ಮಾಡುತ್ತಿರುತ್ತದೆ. ಗಾಯದ ಅಂಚಿನಲ್ಲಿ ಎಳೆಗಳ ತುದಿ ತೆರೆದುಕೊಂಡಾಗ, ಬಿಟ್ಟ ಕ್ಷಣದಲ್ಲಿ ಸಿಕ್ಕ ಗುಂಡುಗಳನ್ನು ಪ್ರೊಫಿಲಿನ್ ಎಂಬ ಇನ್ನೊಂದು ಪ್ರೋಟೀನು ಎತ್ತಿಕೊಂಡು ಹೋಗಿ ತುದಿಗೆ ಕೂಡಿಸುತ್ತದೆ, ಬಾಣಲಿಯಲ್ಲಿ ಕಾಂಕ್ರೀಟು ಹೊತ್ತು ಮೇಲೆ ಸಾಗಿಸುವ ಆಳುಗಳು ಚಾವಣಿಗೆ ಸುರಿಯುವಂತೆ. ಬಿಡಿ ಗುಂಡುಗಳು ಖರ್ಚಾದಷ್ಟೂ ಹೊದಿಕೆಯೊಳಗಿನವು ತಾವಾಗಿ ಹೊರಬರುತ್ತವೆ. ಯಾರೂ ಅಪ್ಪಣೆ ಕೊಡಬೇಕಿಲ್ಲ, ಹೊಸ ಆಕ್ಟಿನ್ ತಯಾರಿಸುತ್ತ ಗಂಟೆಗಟ್ಟಲೆ ಕಾಯಬೇಕಿಲ್ಲ. ಪ್ಲೇಟ್‌ಲೆಟ್ ಸೆಕೆಂಡುಗಳಲ್ಲಿ ಮುಳ್ಳು ಚಾಚುವುದೂ, ಅಂಚಿನ ಕೋಶ ಮೈ ಚಾಚಿ ಹೊರಡುವುದೂ ಈ ದಾಸ್ತಾನಿನ ಬಲದಿಂದ.

ಮಾರಾಟಗಾರರು ‘ಈ ಪೆಪ್ಟೈಡ್ ಆಕ್ಟಿನ್ ಹೆಚ್ಚಿಸುತ್ತದೆ’ ಎಂದು ಬರೆಯುವುದನ್ನು ನೋಡಿದಾಗ ಇದನ್ನು ನೆನೆಯಬೇಕು. ಕೋಶದ ಒಳಗೆ ಅದು ಮಾಡುವುದು ಹಿಡಿದಿಡುವ ಕೆಲಸ. 1992ರಲ್ಲಿ ಜೀವಂತ ಕೋಶಗಳೊಳಕ್ಕೆ ಸೂಕ್ಷ್ಮ ಸೂಜಿಯಿಂದ ಹೆಚ್ಚು ಥೈಮೋಸಿನ್ ಬೀಟಾ-4 ತುಂಬಿ ನೋಡಿದರು. ಅಲ್ಲಿದ್ದ ಎಳೆಗಳೇ ಕರಗಿ ಕಡಿಮೆಯಾದವು.

ಹೊರಗಿನಿಂದ ಹಚ್ಚಿದಾಗ

ಹಾಗಿದ್ದೂ ಅದನ್ನು ಇಲಿಯ ಗಾಯಕ್ಕೆ ಹಚ್ಚಿದರೆ ಗಾಯ ಬೇಗ ಮುಚ್ಚುತ್ತದೆ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿ ಹಿಂಡಾ ಕ್ಲೈನ್‌ಮನ್ ಅವರ ತಂಡ 1999ರಲ್ಲಿ ಇಲಿಗಳ ಗಾಯದ ಮೇಲೆ ಇದನ್ನು ಪರೀಕ್ಷಿಸಿತು. ಬರೀ ಉಪ್ಪುನೀರು ಹಾಕಿದ ಗಾಯಕ್ಕಿಂತ ಇದನ್ನು ಹಾಕಿದ ಗಾಯದ ಮೇಲೆ ನಾಲ್ಕನೆಯ ದಿನ ಹೊಸ ಮೇಲ್ಚರ್ಮ ಶೇ. 42ರಷ್ಟು, ಏಳನೆಯ ದಿನ ಶೇ. 61ರವರೆಗೆ ಹೆಚ್ಚು ಹರಡಿತ್ತು. ತಟ್ಟೆಯಲ್ಲಿ ಬೆಳೆಸಿದ ಚರ್ಮಕೋಶಗಳು ಇದರ ಅತಿ ಸೂಕ್ಷ್ಮ ಪ್ರಮಾಣಕ್ಕೇ ಎರಡು ಮೂರು ಪಟ್ಟು ಹೆಚ್ಚು ಚಲಿಸಿದವು. 2003ರಲ್ಲಿ ಸಕ್ಕರೆ ಕಾಯಿಲೆಯ ಇಲಿಗಳಲ್ಲೂ ಮುದಿ ಇಲಿಗಳಲ್ಲೂ ಇದೇ ಫಲ ಕಂಡಿತು. ಅಷ್ಟೇ ಅಲ್ಲ, 43 ಕೊಂಡಿಗಳಲ್ಲಿ ಆಕ್ಟಿನ್‌ಗೆ ತಾಗುವ ಏಳು ಕೊಂಡಿಗಳ ತುಣುಕನ್ನಷ್ಟೇ ಹಾಕಿದರೂ ಗಾಯ ಬೇಗ ಮುಚ್ಚಿತು.

ಅಂಥ ಸೂಕ್ಷ್ಮ ಪ್ರಮಾಣ ಕೋಶದೊಳಗಿನ ದಾಸ್ತಾನಿಗೆ ಏನನ್ನೂ ಸೇರಿಸಲಾರದು. ಹಾಗಾಗಿ ಹೊರಗೆ ಅದರ ಪಾತ್ರ ಬೇರೆ, ಅದು ಸುದ್ದಿ ಮುಟ್ಟಿಸುವ ಪಾತ್ರ. ಇದಕ್ಕೆ ಗಾಯದಲ್ಲೇ ಸಹಜವಾದ ಏರ್ಪಾಡಿದೆ. ಪ್ಲೇಟ್‌ಲೆಟ್‌ಗಳು ಹೆಪ್ಪುಗಟ್ಟಿಸುವಾಗ ಈ ಪೆಪ್ಟೈಡನ್ನು ಹೊರಬಿಡುತ್ತವೆ. ಹೆಪ್ಪಿನ ಎಳೆಗಳನ್ನು ಬೆಸೆಯುವ ಕಿಣ್ವವೇ ಇದನ್ನೂ ಆ ಎಳೆಗಳಿಗೆ ಬೆಸೆದುಬಿಡುತ್ತದೆ. ಜೀವ ಕಳೆದುಕೊಂಡ ಕೋಶಗಳು ಒಡೆದಾಗಲೂ ಅದು ಹೊರಗೆ ಸುರಿಯುತ್ತದೆ. ಕೋಶದ ಒಳಗಿರಬೇಕಾದದ್ದು ಹೊರಗೆ ಸಿಕ್ಕಿತೆಂದರೆ ನೆರೆಯ ಕೋಶಗಳಿಗೆ ‘ಇಲ್ಲಿ ಒಡೆದಿದೆ’ ಎಂಬ ಸುದ್ದಿ. ಕೋಶದ ಹೊರಮೈಯ ಕೆಲವು ಅಣುಗಳಿಗೆ ಅದು ತಾಗಿ, ಬದುಕುಳಿಯುವ ಮತ್ತು ಚಲಿಸುವ ಸಂಕೇತಗಳನ್ನು ಒಳಗೆ ಎಬ್ಬಿಸುತ್ತದೆ. ಅದರ ಮೊದಲ ನಾಲ್ಕು ಕೊಂಡಿಗಳು ಕತ್ತರಿಸಿ ಬೇರೆಯಾದರೆ ಗಾಯದ ಗಡಸು ಕಲೆ ಹೆಚ್ಚದಂತೆ ತಡೆಯುವ ಇನ್ನೊಂದು ತುಣುಕಾಗುತ್ತದೆ. ಆ ತುಣುಕನ್ನು ರಕ್ತದಲ್ಲಿ ಒಡೆಯುವ ಕಿಣ್ವ, ಬಿಪಿಗೆ ಕೊಡುವ ಒಂದು ಜಾತಿಯ ಮಾತ್ರೆಗಳು ತಡೆಯುವ ಕಿಣ್ವವೇ. ಆ ಮಾತ್ರೆ ನುಂಗುವವರ ರಕ್ತದಲ್ಲಿ ಈ ತುಣುಕಿನ ಪ್ರಮಾಣ ಏರುತ್ತದೆ. ದೇಹ ಒಂದೇ ಸಾಮಾನನ್ನು ಎಷ್ಟು ಕಡೆ ಬಳಸುತ್ತದೆ ಎಂದು ನೋಡಿದಾಗಲೆಲ್ಲ ನನಗೆ ಬೆರಗು.

ಸುದ್ದಿ ಮುಟ್ಟಿಸಿದರೂ ನಡೆಯಬೇಕಾದದ್ದು ಕೋಶ. ಅಜ್ಜನ ಅಂಗಾಲಿನ ಸಮಸ್ಯೆ ಇಲ್ಲಿಯದು. ಸಕ್ಕರೆ ಕಾಯಿಲೆಯ ಹುಣ್ಣಿನ ಅಂಚನ್ನು ನೋಡಿ: ದಪ್ಪಗೆ, ಬಿಳಿಚಿಕೊಂಡು, ಗಟ್ಟಿಯಾಗಿರುತ್ತದೆ. ಅಲ್ಲಿಯ ಕೋಶಗಳು ಇಮ್ಮಡಿಯಾಗುತ್ತಲೇ ಇರುತ್ತವೆ, ಆದರೆ ಮುಂದೆ ಹೊರಡುವುದಿಲ್ಲ. ಒಂದರ ಮೇಲೊಂದು ಪೇರಿಕೊಂಡು ನಿಲ್ಲುತ್ತವೆ. ಹುಣ್ಣಿನೊಳಗೆ ಉರಿಯೂತ ಇಳಿಯದೆ, ಅಲ್ಲಿಯ ಕಿಣ್ವಗಳು ಬಂದ ಸುದ್ದಿಯ ಅಣುಗಳನ್ನೂ ಕಾಲೂರುವ ನೆಲವನ್ನೂ ಕರಗಿಸುತ್ತಿರುತ್ತವೆ. ರಕ್ತಸಂಚಾರ ಕಡಿಮೆ, ನೋವು ತಿಳಿಯದ ಕಾರಣ ಪಾದದ ಭಾರ ಮತ್ತೆ ಮತ್ತೆ ಅಲ್ಲೇ ಬೀಳುತ್ತದೆ. ವೈದ್ಯರು ಆ ದಪ್ಪ ಅಂಚನ್ನು ಕತ್ತರಿಸಿ ತೆಗೆದಾಗ ಮನೆಯವರು ಗಾಬರಿಯಾಗುತ್ತಾರೆ, ಗಾಯ ದೊಡ್ಡದು ಮಾಡಿದರಲ್ಲ ಎಂದು. ನಿಂತುಹೋದ ಕೋಶಗಳನ್ನು ತೆಗೆದು, ನಡೆಯಬಲ್ಲ ಕೋಶಗಳಿರುವ ಹೊಸ ಅಂಚನ್ನು ಮುಂದೆ ತರುವ ಕೆಲಸ ಅದು. ಪಾದಕ್ಕೆ ಭಾರ ಬೀಳದಂತೆ ಕಟ್ಟು ಹಾಕುವುದು, ಸಕ್ಕರೆ ಹತೋಟಿಗೆ ತರುವುದು, ರಕ್ತನಾಳ ತೆರೆಯುವುದು, ಸೋಂಕು ತಡೆಯುವುದು ಇವಿಲ್ಲದೆ ಯಾವ ಪೆಪ್ಟೈಡೂ ಅಲ್ಲಿ ನಿಲ್ಲಲಾರದು.

ಇಲಿಯ ಫಲ ಮನುಷ್ಯನಿಗೆ ಹಾಗೇ ಬಾರದಿರಲು ಇನ್ನೊಂದು ಕಾರಣ ಚರ್ಮದ ಕೆಳಗಿದೆ. ನೊಣ ಕೂತಾಗ ಹಸು ಅಷ್ಟು ಜಾಗದ ಚರ್ಮವನ್ನಷ್ಟೇ ನಡುಗಿಸುತ್ತದಲ್ಲ, ಅಂಥ ತೆಳು ಸ್ನಾಯುಹಾಳೆ ಇಲಿಗೂ ಮೈಯುದ್ದಕ್ಕೂ ಇದೆ. ಇಲಿಯ ಗಾಯ ಬಹುಮಟ್ಟಿಗೆ ಮುಚ್ಚುವುದು ಅಂಚುಗಳು ಸುಕ್ಕಿ ಒಳಕ್ಕೆ ಎಳೆದುಕೊಳ್ಳುವುದರಿಂದ. ಮನುಷ್ಯನಲ್ಲಿ ಆ ಹಾಳೆ ಕುತ್ತಿಗೆಯಂಥ ಒಂದೆರಡು ಕಡೆ ಬಿಟ್ಟರೆ ಉಳಿದಿಲ್ಲ. ನಾವು ಗುಂಡಿ ತುಂಬಿಸಿ, ಮೇಲೆ ನಡೆದು ಮುಚ್ಚಬೇಕು. ಅಲ್ಲದೆ ಪ್ರಯೋಗದ ಇಲಿಯ ಗಾಯ ನಿನ್ನೆ ಚಾಕುವಿನಲ್ಲಿ ನೀಟಾಗಿ ಮಾಡಿದ್ದು, ತಾನಾಗಿಯೇ ವಾಸಿಯಾಗುವಂಥದು. ಮನುಷ್ಯನಿಗೆ ಮದ್ದು ಬೇಕಾಗುವುದು ತಿಂಗಳುಗಟ್ಟಲೆ ಕೆಟ್ಟು ಕೂತ ಹುಣ್ಣಿಗೆ. ಇಟಲಿ ಮತ್ತು ಪೋಲೆಂಡ್‌ನಲ್ಲಿ ಕಾಲಿನ ಅಭಿಧಮನಿ ಕೆಟ್ಟು ಹುಣ್ಣಾದ ಎಪ್ಪತ್ತಕ್ಕೂ ಹೆಚ್ಚು ಜನರಿಗೆ ಥೈಮೋಸಿನ್ ಬೀಟಾ-4 ಜೆಲ್ ಹಚ್ಚಿ ನೋಡಿದರು. ಮೂರು ಪ್ರಮಾಣಗಳಲ್ಲಿ ನಡುವಿನದು ಹೆಚ್ಚು ಭರವಸೆ ಮೂಡಿಸಿತು. ಮೂರು ತಿಂಗಳಲ್ಲಿ ಹುಣ್ಣು ಪೂರ್ತಿ ಮುಚ್ಚಿದ್ದು ಸುಮಾರು ಕಾಲುಭಾಗದವರಿಗೆ, ಅದೂ ಮುಖ್ಯವಾಗಿ ಸಣ್ಣ ಹುಣ್ಣುಗಳಿದ್ದವರಿಗೆ. ಇಲಿಗಳು ಕೊಟ್ಟ ಆಸೆಗೆ ಇದು ಸಾಲದ ಫಲ.

ಸೀಸೆಯ ಮೇಲಿನ ಹೆಸರು

ಟಿಬಿ-500 ಎಂದು ಮಾರುವ ಪುಡಿಯನ್ನು ಕುದುರೆ ರೇಸಿನ ಮದ್ದುಪರೀಕ್ಷಕರು ಬಿಡಿಸಿ ನೋಡಿದಾಗ ಅದರಲ್ಲಿ ಸಿಕ್ಕಿದ್ದು ಆಕ್ಟಿನ್‌ಗೆ ತಾಗುವ ಆ ಏಳು ಕೊಂಡಿಗಳ ತುಣುಕು. ಅದೇ ಹೆಸರಿನಲ್ಲಿ 43 ಕೊಂಡಿಗಳ ಪೂರ್ತಿ ಪೆಪ್ಟೈಡ್ ಎಂದು ಮಾರುವವರೂ ಇದ್ದಾರೆ. ಹೆಸರಿನ ಈ ಗೊಂದಲ ಎಷ್ಟು ದುಬಾರಿಯಾಗಬಲ್ಲದು ಎಂಬುದನ್ನು ಆಸ್ಟ್ರೇಲಿಯದ ಎಸೆಂಡನ್ ಫುಟ್‌ಬಾಲ್ ಕ್ಲಬ್ಬಿನ ಪ್ರಕರಣ ತೋರಿಸಿತು. 2012ರ ಋತುವಿನಲ್ಲಿ ಆಟಗಾರರಿಗೆ ಚುಚ್ಚುಮದ್ದುಗಳ ಕಾರ್ಯಕ್ರಮ ನಡೆಯಿತು. ಅವರು ಸಹಿ ಹಾಕಿದ ಒಪ್ಪಿಗೆ ಪತ್ರದಲ್ಲಿದ್ದದ್ದು ‘ಥೈಮೋಸಿನ್’ ಎಂಬ ಮಾತು. ಯಾವ ಥೈಮೋಸಿನ್? ಆ ಕುಟುಂಬದಲ್ಲಿ ನಿಷೇಧ ಇಲ್ಲದವೂ ಇವೆ, ಬೀಟಾ-4 ಮಾತ್ರ ನಿಷಿದ್ಧ. ಯಾರೂ ಮದ್ದುಪರೀಕ್ಷೆಯಲ್ಲಿ ಸಿಕ್ಕಿಬಿದ್ದಿರಲಿಲ್ಲ. ಸಂದೇಶಗಳು, ದಾಖಲೆಗಳು, ಸಾಕ್ಷ್ಯಗಳನ್ನು ಕೂಡಿಸಿ ಕ್ರೀಡಾ ಮಧ್ಯಸ್ಥಿಕೆ ನ್ಯಾಯಾಲಯ 2016ರ ಜನವರಿಯಲ್ಲಿ 34 ಆಟಗಾರರಿಗೆ ಎರಡು ವರ್ಷದ ನಿಷೇಧ ವಿಧಿಸಿತು. ಕ್ಲಬ್ಬನ್ನು ನಂಬಿ ತೋಳು ಚಾಚಿದ ಹುಡುಗರು ಅವರಲ್ಲಿ ಬಹಳ ಮಂದಿ.

ಬಿಪಿಸಿ-157 ಬೇರೆ ಪೆಪ್ಟೈಡ್, 15 ಕೊಂಡಿಗಳದ್ದು. ಜಠರರಸದ ಒಂದು ಪ್ರೋಟೀನಿನ ತುಣುಕು ಎಂದು ಅದನ್ನು ಪರಿಚಯಿಸಿದ್ದು ಕ್ರೊವೇಷಿಯದ ಜಾಗ್ರೆಬ್‌ನಲ್ಲಿ ಪ್ರೆಡ್ರಾಗ್ ಸಿಕಿರಿಚ್ ಅವರ ತಂಡ. ಹಿಮ್ಮಡಿಯ ರಜ್ಜು ಕತ್ತರಿಸಿದ ಇಲಿಗಳಿಂದ ಹಿಡಿದು ಕರುಳಿನ ಹುಣ್ಣಿನವರೆಗೆ ಮೂರು ದಶಕಗಳ ಪ್ರಯೋಗಗಳಿವೆ. ಅವುಗಳಲ್ಲಿ ಬಹುಪಾಲು ಇಲಿಗಳ ಮೇಲಿನವು, ಬಹುಪಾಲು ಆ ಒಂದೇ ತಂಡದವು. ಮನುಷ್ಯರ ಮೇಲೆ ಪ್ರಕಟವಾದವು ಬೆರಳೆಣಿಕೆಯಷ್ಟು, ಸಣ್ಣವು. ವಿಶ್ವ ಮದ್ದುನಿಗ್ರಹ ಸಂಸ್ಥೆ 2022ರಿಂದ ಇದನ್ನು ನಿಷೇಧಿಸಿದೆ. ಔಷಧಾಲಯಗಳು ತಾವೇ ಬೆರೆಸಿ ಕೊಡುವ ಮದ್ದುಗಳಲ್ಲಿ ಇದು ಸುರಕ್ಷತೆಯ ಅಪಾಯ ತರಬಲ್ಲದು ಎಂಬ ಪಟ್ಟಿಗೆ ಅಮೆರಿಕದ ಔಷಧ ನಿಯಂತ್ರಕರು 2023ರಲ್ಲಿ ಸೇರಿಸಿದರು.

ನಡಿಗೆಯನ್ನು ಚುರುಕುಗೊಳಿಸುವ ಯಾವ ಮದ್ದಿಗೂ ಒಂದು ಭಯ ಬೆನ್ನಿಗಿರುತ್ತದೆ. ಕ್ಯಾನ್ಸರ್ ಗಡ್ಡೆಯಿಂದ ಕೋಶಗಳು ಹೊರಬಿದ್ದು ದೂರದ ಅಂಗಕ್ಕೆ ಹರಡುವುದೂ ಇದೇ ಆಕ್ಟಿನ್ ಎಳೆಗಳ ನಡಿಗೆಯಿಂದಲೇ. ಥೈಮೋಸಿನ್ ಬೀಟಾ-4 ಹೆಚ್ಚು ತಯಾರಿಸುವಂತೆ ಮಾಡಿದ ಗಡ್ಡೆಗಳು ಇಲಿಗಳಲ್ಲಿ ಹೆಚ್ಚು ಹರಡಿದ್ದನ್ನು 2003ರಲ್ಲಿ ವರದಿ ಮಾಡಿದರು. ಪೆಪ್ಟೈಡ್ ಚುಚ್ಚಿಕೊಂಡವರಿಗೆ ಕ್ಯಾನ್ಸರ್ ಬರುತ್ತದೆ ಎಂದು ಇದರ ಅರ್ಥವಲ್ಲ. ಮೈಯಲ್ಲಿ ಎಲ್ಲೋ ಮಲಗಿರುವ ಪುಟ್ಟ ಗಡ್ಡೆಯ ಕೋಶಗಳಿಗೂ ಮೊಣಕಾಲಿನ ಕೋಶಗಳಿಗೂ ಸೂಜಿಗೆ ವ್ಯತ್ಯಾಸ ಗೊತ್ತಿರುವುದಿಲ್ಲ ಎಂದಷ್ಟೇ.

ಕಣ್ಣಿನ ಗಾಜು

ಹಾಗಾದರೆ ಇದನ್ನು ನ್ಯಾಯವಾಗಿ ಪರೀಕ್ಷಿಸುವ ಜಾಗ ಯಾವುದು? ವಿಜ್ಞಾನಿಗಳು ಆರಿಸಿಕೊಂಡದ್ದು ಕಣ್ಣಿನ ಮುಂದಿನ ಪಾರದರ್ಶಕ ಪೊರೆ, ಕಾರ್ನಿಯಾ. ಅಲ್ಲಿ ರಕ್ತನಾಳಗಳಿಲ್ಲ, ಸುಕ್ಕಿಸುವ ಸ್ನಾಯುಹಾಳೆ ಇಲ್ಲ. ಮೇಲ್ಪದರ ಗೀರಿದರೆ ಮುಚ್ಚುವುದು ಅಂಚಿನ ಕೋಶಗಳ ನಡಿಗೆಯಿಂದಲೇ. ಮದ್ದನ್ನು ಹನಿಯಾಗಿ ನೇರ ಬಿಡಬಹುದು, ಬಣ್ಣ ಹಾಕಿ ನೀಲಿ ಬೆಳಕಿನಲ್ಲಿ ನೋಡಿದರೆ ಎಷ್ಟು ಮುಚ್ಚಿದೆ ಎಂದು ಅಳೆಯಬಹುದು. ಅಮೆರಿಕದ ಗೇಬ್ರಿಯಲ್ ಸೋಸ್ನೆ 2001ರಿಂದ ಈ ದಾರಿಯಲ್ಲಿದ್ದಾರೆ.

ಕಾರ್ನಿಯಾದ ನರಗಳು ಸತ್ತು ಅದಕ್ಕೆ ಸ್ಪರ್ಶವೇ ಇಲ್ಲದಂತಾಗುವ ಕಾಯಿಲೆಯೊಂದಿದೆ. ಸಕ್ಕರೆ ಕಾಯಿಲೆ, ಹರ್ಪಿಸ್ ಸೋಂಕು, ಶಸ್ತ್ರಕ್ರಿಯೆ ಇವುಗಳಿಂದ ಬರುತ್ತದೆ. ಅಲ್ಲಿ ಆದ ಸಣ್ಣ ಗೀರೂ ಅಜ್ಜನ ಅಂಗಾಲಿನ ಹುಣ್ಣಿನಂತೆ ಮುಚ್ಚದೆ ನಿಂತು, ಕೊನೆಗೆ ದೃಷ್ಟಿ ಹೋಗುವವರೆಗೂ ಮುಂದುವರಿಯಬಲ್ಲದು. ಅಂಥ 18 ಮಂದಿಯ ಮೇಲೆ ನಡೆದ ಪರೀಕ್ಷೆಯ ಫಲ 2022ರಲ್ಲಿ ಪ್ರಕಟವಾಯಿತು. ಶೇ. 0.1ರ ಥೈಮೋಸಿನ್ ಬೀಟಾ-4 ಹನಿ ಪಡೆದ 10 ಮಂದಿಯಲ್ಲಿ 6 ಮಂದಿಗೆ ನಾಲ್ಕು ವಾರಗಳಲ್ಲಿ ಹುಣ್ಣು ಪೂರ್ತಿ ಮುಚ್ಚಿತು. ಮದ್ದಿಲ್ಲದ ಹನಿ ಪಡೆದ 8 ಮಂದಿಯಲ್ಲಿ ಒಬ್ಬರಿಗೆ ಮಾತ್ರ. ವ್ಯತ್ಯಾಸ ದೊಡ್ಡದೇ, ಆದರೆ ಮದ್ದಿಗೆ ಯಾವ ಫಲವೂ ಇಲ್ಲದಿದ್ದರೂ ಇಷ್ಟು ಕಡಿಮೆ ಜನರಲ್ಲಿ ಇಂಥ ವ್ಯತ್ಯಾಸ ಆಕಸ್ಮಿಕವಾಗಿ ಕಾಣಿಸಿಕೊಳ್ಳುವ ಸಾಧ್ಯತೆ ಶೇ. 6.6ರಷ್ಟಿತ್ತು. ಔಷಧ ಜಗತ್ತು ಒಪ್ಪುವ ಗೆರೆ ಶೇ. 5. ಗೆರೆ ಸ್ವಲ್ಪದರಲ್ಲಿ ತಪ್ಪಿತು. ಮದ್ದು ನಿಲ್ಲಿಸಿ ಎರಡು ವಾರವಾದ ಮೇಲೆ, 43ನೆಯ ದಿನ ನೋಡಿದಾಗ ವ್ಯತ್ಯಾಸ ಗೆರೆಯೊಳಗೆ ಬಂದಿತ್ತು. ಒಣಕಣ್ಣಿನ ಕಾಯಿಲೆಯಲ್ಲಿ ಇದೇ ಹನಿಯನ್ನು ನೂರಾರು ಜನರಿಗೆ ಹಾಕಿ ನೋಡಿದ ದೊಡ್ಡ ಪರೀಕ್ಷೆಗಳು ಮುಖ್ಯ ಗುರಿ ಮುಟ್ಟಲಿಲ್ಲ.

ಅದೇ ನರಸತ್ತ ಕಾರ್ನಿಯಾಕ್ಕೆ 2018ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದದ್ದು ಬೇರೊಂದು ಹನಿ, ಸೆನೆಗರ್ಮಿನ್. ರೀಟಾ ಲೆವಿ-ಮಾಂಟಲ್ಚೀನಿ ಕಂಡುಹಿಡಿದು 1986ರಲ್ಲಿ ನೊಬೆಲ್ ಹಂಚಿಕೊಂಡ ನರಬೆಳವಣಿಗೆಯ ಪ್ರೋಟೀನನ್ನು ಪ್ರಯೋಗಾಲಯದಲ್ಲಿ ತಯಾರಿಸಿದ್ದು ಅದು. ಎಂಟು ವಾರಗಳಲ್ಲಿ ಅದನ್ನು ಪಡೆದವರಲ್ಲಿ ಶೇ. 70 ಮಂದಿಯ ಹುಣ್ಣು ಮುಚ್ಚಿತು, ಪಡೆಯದವರಲ್ಲಿ ಶೇ. 28. ಕೋಶಗಳ ನಡಿಗೆ ನಿಲ್ಲಲು ಅಲ್ಲಿ ಮೂಲ ಕಾರಣ ನರದಿಂದ ಬರಬೇಕಾದ ಪೋಷಣೆ ನಿಂತದ್ದು. ಸೆನೆಗರ್ಮಿನ್ ಕೈ ಹಾಕಿದ್ದು ಆ ಕಾರಣಕ್ಕೆ.